ಬಿಸಿಲ ಸೀಮೆಯಲ್ಲಿ ನೆಗೆಟಿವ್ ಕಾಯುವುದು

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಜನರಿಗೆ ಕಾಪಿಡುವ ವಿದ್ಯೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎರೆಮಣ್ಣಿನ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಚೀಚೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಹಂಗಾಮಿನ ಜೋಳ ಮುಂದಿನ ಬರಗಾಲವನ್ನೂ ದಾಟಿಸಬೇಕು. ಅದಕ್ಕೆಂದೇ ಹಿರಿಯರು ನೆಲದೊಳಗೆ ಹಗೇವು ತೋಡಿದರು. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಬಿಟ್ಟರೆ ಒಳಗೆ ಬಿಸಿಲಿಲ್ಲ, ಪಸೆಯಿಲ್ಲ, ಹುಳವಿಲ್ಲ. ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಹೊರಗೆ ಹೋಗುವವರೆಗೆ ಕಾಯಬೇಕು ಎಂಬುದು ಮಕ್ಕಳಿಗೂ ಗೊತ್ತಿದ್ದ ಮಾತು.

ಆದರೆ ಇದೇ ಜನ ಕಳೆದ ಶತಮಾನದಲ್ಲಿ ಜೋಳಕ್ಕಿಂತ ನಾಜೂಕಾದ ಇನ್ನೊಂದು ವಸ್ತುವನ್ನು ಮನೆಯೊಳಗೆ ತಂದುಕೊಂಡರು. ಅದು ಫೋಟೊದ ಫಿಲ್ಮು, ಊರಿನ ಬಾಯಲ್ಲಿ ರೀಲು. ಅದನ್ನು ಹೇಗೆ ಕಾಯಬೇಕೆಂದು ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ. ಈಗ ರೀಲಿನ ಕಾಲ ಮುಗಿದಿದೆ. ಆದರೆ ಆ ಕಾಲದ ನೆಗೆಟಿವ್‌ಗಳು ನಮ್ಮ ಮನೆಗಳ ಟ್ರಂಕುಗಳಲ್ಲಿ, ಅಟ್ಟಗಳಲ್ಲಿ ಇನ್ನೂ ಇವೆ. ಅವು ದಿನದಿನಕ್ಕೆ ಸಾಯುತ್ತಿವೆ. ಅವುಗಳ ಜೊತೆ ಏನು ಸಾಯುತ್ತಿದೆ ಎಂಬುದನ್ನು ಯೋಚಿಸಲೆಂದೇ ಈ ಬರಹ.

ಫಿಲ್ಮೆಂದರೆ ಬರೀ ಪ್ಲಾಸ್ಟಿಕ್ ಪಟ್ಟಿಯಲ್ಲ. ಪಟ್ಟಿಯ ಮೇಲೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜಿಲೆಟಿನ್ ಎಂಬ ಅಂಟಿನ ತೆಳು ಲೇಪ. ಆ ಲೇಪದೊಳಗೆ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಕಣಗಳು. ದೇವರ ಪಟವಿರಲಿ, ಮದುವೆಯ ಫೋಟೊ ಇರಲಿ, ಎಲ್ಲರ ಚಿತ್ರವೂ ನಿಂತದ್ದು ಈ ಮೂಳೆಯ ಅಂಟಿನ ಮೇಲೆಯೇ. ಜಿಲೆಟಿನ್ ನೀರು ಕಂಡರೆ ಉಬ್ಬುತ್ತದೆ, ಬಿಸಿ ಕಂಡರೆ ಮೆತ್ತಗಾಗುತ್ತದೆ. ಗಾಳಿಯ ತೇವ ಶೇಕಡಾ 60-65ನ್ನು ದಾಟಿ ಹಾಗೇ ನಿಂತರೆ ಬೂಷ್ಟು ಅದನ್ನೇ ಊಟ ಮಾಡುತ್ತದೆ. ಇನ್ನು ಬಿಸಿಲು ಬಳಸದ ಹೊಸ ರೀಲಿನ ಶಕ್ತಿಯನ್ನೇ ಹೀರುತ್ತದೆ. ಚಿತ್ರ ತೆಗೆದು ತೊಳೆಯದೆ ಇಟ್ಟ ರೀಲಿನಲ್ಲಿ ಕಣ್ಣಿಗೆ ಕಾಣದಂತೆ ಕೂತಿರುವ ಚಿತ್ರವೂ ಮಸುಕಾಗುತ್ತ ಹೋಗುತ್ತದೆ.

ಕರಾವಳಿಯವರ ಕಷ್ಟ ಬೇರೆ. ಅಲ್ಲಿ ತೇವ ವರ್ಷದ ಬಹುಕಾಲ ಬಿಡುವುದಿಲ್ಲ. ಭಟ್ಕಳ, ಮಂಗಳೂರಿನ ಕಡೆಯ ನೆಂಟರ ಮನೆಯ ಆಲ್ಬಮ್ ತೆರೆದರೆ ಮದುಮಗನ ಸೆಹ್ರಾದ ಮೇಲೆ ಬೂಷ್ಟಿನ ಇನ್ನೊಂದು ಹೂವು ಅರಳಿರುತ್ತದೆ. ನಮ್ಮ ಕಡೆ ಹಾಗಲ್ಲ. ನಮ್ಮದು ಎರಡು ಬದಿಯ ಏಟು. ಏಪ್ರಿಲ್-ಮೇದಲ್ಲಿ 40 ಡಿಗ್ರಿ ಮುಟ್ಟುವ ಒಣ ಬಿಸಿಲು, ಜಿಲೆಟಿನ್ ಒಣಗಿ ಸುರುಳಿ ಸುತ್ತುತ್ತದೆ. ಶ್ರಾವಣದಲ್ಲಿ ಜಡಿಮಳೆ ಹಿಡಿದು ಗೋಡೆ ಪಸೆಯೊಡೆಯುತ್ತದೆ, ಒಣಗಿದ್ದ ಅದೇ ಜಿಲೆಟಿನ್ ಮತ್ತೆ ಉಬ್ಬುತ್ತದೆ. ವರ್ಷಕ್ಕೊಮ್ಮೆ ಹೀಗೆ ಹಿಗ್ಗಿ ಕುಗ್ಗಿ ಕೊನೆಗೆ ಪಟ್ಟಿಯಿಂದ ಬಿಟ್ಟುಕೊಳ್ಳುತ್ತದೆ.

ಈ ಸೀಮೆಯಲ್ಲಿ ಕ್ಯಾಮೆರಾ ಹಿಡಿದವರ ಕಷ್ಟ ಹಳೆಯದು. ಡಾ. ಪಿಗೌ, ಕರ್ನಲ್ ಬಿಗ್ಸ್, ನೀಲ್ ಎಂಬ ಬ್ರಿಟಿಷರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಗಳ ಗುಡಿ-ಕಟ್ಟಡಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಗಾಜಿನ ತಟ್ಟೆಗೆ ಮದ್ದು ಸವರಿ ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯುವ ವಿಧಾನವೂ ಬಳಕೆಯಲ್ಲಿದ್ದ ಕಾಲವದು. ನಮ್ಮ ಬಿಸಿಲಿನಲ್ಲಿ ಆ ಮದ್ದು ಎಷ್ಟು ಹೊತ್ತು ಹಸಿಯಾಗಿದ್ದೀತು? ಆ ವಿಧಾನ ಹಿಡಿದವರಿಗೆ ಕತ್ತಲೆಯ ಡೇರೆಯನ್ನು ಗುಡಿಯ ಮಗ್ಗುಲಲ್ಲೇ ಹೂಡಿ ಓಡಾಡದೆ ಗತಿಯಿರಲಿಲ್ಲ. ಆ ಸಾಹೇಬರಿಗೆ ಆಳುಕಾಳು ಇದ್ದರು. ನಂತರ ಬಂದ ನಮ್ಮೂರ ಸ್ಟುಡಿಯೊದವರಿಗೆ ಇದ್ದದ್ದು ಎರಡು ಕೈ, ಒಂದು ಮಣ್ಣಿನ ಮಾಳಿಗೆ.

ಗಜೇಂದ್ರಗಡದಲ್ಲಿ ನಾವು ಚಿಕ್ಕವರಿದ್ದಾಗ ಕಂಡ ಒಬ್ಬ ಸ್ಟುಡಿಯೊ ಕಾಕಾ ಇದ್ದರು. ಊರಿನ ಹಿಂದೂ-ಮುಸಲ್ಮಾನ ಮಕ್ಕಳೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದುದು. ಅವರು ರೀಲು ಕಾಯುತ್ತಿದ್ದ ರೀತಿಯನ್ನು ನೋಡಿದರೆ ಅದು ಹಗೇವಿನ ವಿದ್ಯೆಯೇ. ಹುಬ್ಬಳ್ಳಿಗೆ ಹೋದಾಗ ಬೇಕಾದಷ್ಟೇ ರೀಲು ತರುತ್ತಿದ್ದರು. ದಾಸ್ತಾನು ಮಾಡುತ್ತಿರಲಿಲ್ಲ. ಬಸ್ಸಿನಲ್ಲಿ ಎಂಜಿನ್ನಿನ ಹತ್ತಿರ ಕೂಡುತ್ತಿರಲಿಲ್ಲ, ಚೀಲವನ್ನು ಕಿಟಕಿಯ ಬಿಸಿಲಿಗೆ ಇಡುತ್ತಿರಲಿಲ್ಲ. ಮನೆಯ ನಡುಕೋಣೆಯಲ್ಲಿ, ಎರಡು ಮೊಳ ದಪ್ಪದ ಮಣ್ಣಿನ ಗೋಡೆಯ ಬುಡದಲ್ಲಿ, ನೆಲಕ್ಕೆ ಅರ್ಧ ಹೂತ ಹರವಿಯೊಂದಿತ್ತು. ಅದರ ಸುತ್ತ ಮರಳು, ಮರಳಿಗೆ ದಿನಾ ಒಂದು ತಂಬಿಗೆ ನೀರು. ನೀರು ಆವಿಯಾದಂತೆ ಒಳಗೆ ತಂಪು. ಆದರೆ ತಂಪಿನ ಹಿಂದೆಯೇ ಪಸೆ ಬರುತ್ತದೆಂದು ಅವರಿಗೆ ಗೊತ್ತು. ಆದ್ದರಿಂದ ರೀಲುಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮುಚ್ಚಳದ ಸುತ್ತ ಟೇಪು, ಡಬ್ಬಿಯೊಳಗೆ ಹಂಚಿನ ಮೇಲೆ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯ ಗಂಟು. ಹುರಿದ ಅಕ್ಕಿ ಪಸೆಯನ್ನು ತಾನು ಕುಡಿಯುತ್ತದೆ. ಮುಂದೆ ಸಿಲಿಕಾ ಜೆಲ್ ಸಿಕ್ಕಾಗಲೂ ಮಾಡಿದ್ದು ಅದನ್ನೇ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಹಂಚಿನ ಮೇಲೆ ಕಾಯಿಸಿ ಮತ್ತೆ ನೀಲಿ ಮಾಡುವುದು.

ಫ್ರಿಜ್ ಬಂದ ಮೇಲೂ ಅವರ ಒಂದು ನಿಯಮ ಬದಲಾಗಲಿಲ್ಲ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದ ಕೂಡಲೇ ಬಿಚ್ಚುವುದಿಲ್ಲ. ಒಂದೆರಡು ತಾಸು ಹಾಗೇ ಇಟ್ಟು, ಕೋಣೆಯ ಬಿಸಿಗೆ ಬಂದ ಮೇಲೆಯೇ ಬಿಚ್ಚುವುದು. ಇಲ್ಲದಿದ್ದರೆ ತಣ್ಣೀರಿನ ಲೋಟದ ಹೊರಮೈಗೆ ಬೆವರು ಬರುವಂತೆ ಫಿಲ್ಮಿನ ಮೈಗೂ ಬರುತ್ತದೆ. ಹಗೇವಿನ ಬಾಯಿ ತೆರೆದು ಕಾದಂತೆಯೇ ಇದೂ.

ಕಪ್ಪು-ಬಿಳುಪು ಫಿಲ್ಮು ತೊಳೆಯುವ ಮದ್ದು 20 ಡಿಗ್ರಿಯಲ್ಲಿರಬೇಕು. ಬೇಸಿಗೆಯಲ್ಲಿ ನಮ್ಮ ನಲ್ಲಿಯ ನೀರೇ 30 ದಾಟಿರುತ್ತದೆ. ಆ ನೀರಿನಲ್ಲಿ ತೊಳೆದರೆ ಜಿಲೆಟಿನ್ ಅಂಚಿನಿಂದ ನೆರಿಗೆಗಟ್ಟಿ ಜಾರಿ ಬರುತ್ತದೆ, ಮದುಮಗಳ ಮುಖವೂ ಅದರ ಜೊತೆ. ಕಾಕಾ ನಸುಕಿನ ನಾಲ್ಕಕ್ಕೆ ಏಳುತ್ತಿದ್ದರು. ಫಜರ್‌ನ ಅಜಾನಿನ ಹೊತ್ತಿಗೆ ಅವರ ಕತ್ತಲೆ ಕೋಣೆಯಲ್ಲಿ ನೀರಿನ ಸಪ್ಪಳ ಕೇಳಿಸುತ್ತಿತ್ತು. ಮದ್ದಿನ ಪಾತ್ರೆಯ ಸುತ್ತ ಬರ್ಫದ ತುಂಡು, ಫಿಕ್ಸರಿನಲ್ಲಿ ಜಿಲೆಟಿನ್ ಗಟ್ಟಿಯಾಗಲೆಂದು ಪಟಕ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ತಿಕ್ಕುವ ಪಟಕದ ಜಾತಿಯೇ. ಆಮೇಲೆ ಕಲರ್ ಬಂತು. ಕಲರ್ ಫಿಲ್ಮಿನ ಮದ್ದು ಕೆಲಸ ಮಾಡುವುದು 38 ಡಿಗ್ರಿಯ ಸುತ್ತ. “ನಮ್ಮ ಬ್ಯಾಸಗಿಗೆ ಹೇಳಿ ಮಾಡಿಸಿದ್ಹಂಗ ಐತಿ, ಆದ್ರ ಮಷಿನ್ನು ಹುಬ್ಬಳ್ಳ್ಯಾಗೈತಿ” ಎಂದು ಕಾಕಾ ನಗುತ್ತಿದ್ದರು.

ಸರಕಾರಕ್ಕೂ ಈ ಬಿಸಿಲಿನ ಕಾಟ ಗೊತ್ತಿತ್ತು. ದೇಶದ್ದೇ ಫಿಲ್ಮು ಬೇಕೆಂದು 1960ರಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಂಪನಿಯನ್ನು ಹುಟ್ಟುಹಾಕಿದಾಗ ಅದಕ್ಕೆ ಆರಿಸಿದ್ದು ನೀಲಗಿರಿಯ ಊಟಿಯನ್ನು. ಕಾರಣ, ಅಲ್ಲಿಯ ತಂಪು ಮತ್ತು ಧೂಳಿಲ್ಲದ ಗಾಳಿ. 1967ರಿಂದ ಅಲ್ಲಿ ತಯಾರಾದ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು ದೇಶದ ಸಣ್ಣ ಊರುಗಳ ಸ್ಟುಡಿಯೊಗಳಿಗೆಲ್ಲ ಇಳಿದು ಬಂತು. ತಂಪಿನಲ್ಲಿ ಹುಟ್ಟಿದ ಆ ಕೂಸು ಉರಿಬಿಸಿಲಿನ ನಾಡಿನಲ್ಲಿ ಬಾಳಬೇಕಾಯಿತು. ಈಗ ಆ ಕಾರ್ಖಾನೆಯೂ ಮುಚ್ಚಿದೆ.

ದೊಡ್ಡವರ ಫಿಲ್ಮುಗಳೇ ಉಳಿದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರದು. ಇಂದು ಅದರ ಒಂದು ಪ್ರತಿಯೂ ಇಲ್ಲ. ಹಿಂದುಸ್ತಾನಿಯ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರದು, ಅದೂ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬಿಸಿಗೆ ಕೊಳೆಯುತ್ತಿತ್ತು, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುತ್ತಿತ್ತು. ಅದರೊಳಗಿನ ಬೆಳ್ಳಿಗೆ ಬೆಲೆಯಿತ್ತಾದ್ದರಿಂದ ಓಡಿ ಮುಗಿದ ರೀಲುಗಳನ್ನು ಕರಗಿಸಿ ಬೆಳ್ಳಿ ತೆಗೆದು ಮಾರಿದ್ದೂ ಉಂಟು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಹುಟ್ಟಿ, ಪಿ.ಕೆ. ನಾಯರ್ ಅವರು ಊರೂರು ಅಲೆದು ಡಬ್ಬಿ ಕೂಡಿಸುವ ಹೊತ್ತಿಗೆ ಬಹಳಷ್ಟು ಹೋಗಿಬಿಟ್ಟಿತ್ತು. ಉಳಿದುದರಲ್ಲೂ ನೈಟ್ರೇಟ್ ಡಬ್ಬಿಗಳ ಒಂದು ದೊಡ್ಡ ರಾಶಿ 2003ರ ಜನವರಿ 8ರಂದು ಪುಣೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯವಿಲ್ಲ, ಆದರೆ ಬೇರೆ ಕಾಯಿಲೆಯಿದೆ. ಬಿಸಿ ಮತ್ತು ತೇವಕ್ಕೆ ಅದು ಒಳಗಿನಿಂದಲೇ ಹುಳಿಯುತ್ತದೆ. ಡಬ್ಬಿ ತೆರೆದರೆ ಸಿರ್ಕಾದ ವಾಸನೆ. ಆ ಹುಳಿಯೇ ಇನ್ನಷ್ಟು ಹುಳಿಯನ್ನು ಹುಟ್ಟಿಸುತ್ತದೆ, ಪಕ್ಕದ ಫಿಲ್ಮಿಗೂ ಹಬ್ಬಿಸುತ್ತದೆ. 21 ಡಿಗ್ರಿ ಬಿಸಿ, ಶೇಕಡಾ 50 ತೇವದಲ್ಲಿಟ್ಟರೆ ಹೊಸ ಅಸಿಟೇಟ್ ಫಿಲ್ಮಿಗೆ ಈ ಕಾಯಿಲೆ ಹತ್ತಲು ಸುಮಾರು 40 ವರ್ಷ ಎಂದು ಅಮೆರಿಕದ ರಾಚೆಸ್ಟರಿನ ತಜ್ಞರು ಲೆಕ್ಕ ಹಾಕಿದ್ದಾರೆ. ಬಿಸಿ ಏರಿದಂತೆ ಆ ಆಯಸ್ಸು ಇಳಿಯುತ್ತದೆ. ತಗಡಿನ ಮಾಡಿನ ಕೆಳಗಿಟ್ಟ ನಮ್ಮ ಟ್ರಂಕಿನ ಆಯಸ್ಸನ್ನು ಓದುಗರೇ ಊಹಿಸಬಹುದು.

ಇಷ್ಟೆಲ್ಲ ಹೇಳಿದ್ದು, ನಮ್ಮ ಮನೆಗಳ ಒಂದು ಮಾತಿಗೆ ಬರಲಿಕ್ಕೆ.

ಫೋಟೊ ತೆಗೆಸುವುದು ಸರಿಯೇ ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ಜೀವವಿರುವುದರ ತಸ್ವೀರ್ ಮಾಡಕೂಡದು ಎಂಬ ಹದೀಸುಗಳನ್ನು ಮುಂದಿಟ್ಟು ಹಲವು ಉಲೇಮಾಗಳು ಬೇಡವೆಂದರು. ಇನ್ನು ಕೆಲವರು, ಇದು ಕೈಯಿಂದ ಬರೆದ ಚಿತ್ರವಲ್ಲ, ಕನ್ನಡಿಯಲ್ಲಿ ಕಾಣುವಂಥ ಅಕ್ಸ್ ಎಂದರು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅವರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲೇ ಫೋಟೊ ಎಂದರೆ ನೆರಳನ್ನು ಹಿಡಿದಿಡುವುದು ಮಾತ್ರ ಎಂದು ವಾದಿಸಿ ಅದಕ್ಕೆ ಅನುಮತಿ ಕೊಟ್ಟರು. ಮೌಲಾನಾ ಆಜಾದರು 1912ರಲ್ಲಿ ಕಲ್ಕತ್ತೆಯಿಂದ ಹೊರಡಿಸಿದ ‘ಅಲ್-ಹಿಲಾಲ್’ ಪತ್ರಿಕೆ ಫೋಟೊಗಳನ್ನು ಅಚ್ಚು ಹಾಕಿತು. ನಮ್ಮ ಸಣ್ಣ ಊರುಗಳಲ್ಲಿ ಈ ವಾದ ಯಾರ ಕಡೆಗೂ ತೀರ್ಮಾನವಾಗಲಿಲ್ಲ. ಜನ ತಮ್ಮದೇ ದಾರಿ ಕಂಡುಕೊಂಡರು. ಅಗತ್ಯವಿದ್ದರೆ ತೆಗೆಸು, ಇಲ್ಲದಿದ್ದರೆ ಬೇಡ. ಗಂಡಸರಿಗೆ ಅಗತ್ಯಗಳು ಬಹಳ ಬಂದವು, ಹೆಂಗಸರಿಗೆ ಕಡಿಮೆ. ಹಜ್ಜಿನ ಅರ್ಜಿ, 1993ರ ನಂತರ ಮತದಾರರ ಗುರುತಿನ ಚೀಟಿ, ಆಮೇಲೆ ರೇಷನ್ ಕಾರ್ಡು. ಒಂದು ಇಡೀ ಪೀಳಿಗೆಯ ನಮ್ಮ ಹೆಂಗಸರ ಮುಖ ಇಂದು ನಮಗೆ ಕಾಣುವುದು ಸರಕಾರಿ ಕಾಗದ ಕೇಳಿತೆಂಬ ಕಾರಣದಿಂದ.

ನಮ್ಮ ನಾನಿ ತಮ್ಮ ಬದುಕಿನಲ್ಲಿ ಫೋಟೊ ತೆಗೆಸಿದ್ದು ಒಂದೇ ಸಲ, 1986ರಲ್ಲಿ, ಹಜ್ಜಿನ ಅರ್ಜಿಗೆ. ನಮಗೆ ಆಗ ಆರೇಳು ವರ್ಷ, ಅವರ ಕೈ ಹಿಡಿದು ಜೊತೆಗೆ ಹೋಗಿದ್ದೆವು. ಬಿಳಿ ಚಾದರ ಹೊದ್ದು ಸ್ಟೂಲಿನ ಮೇಲೆ ಕೂತ ನಾನಿ ಕ್ಯಾಮೆರಾದ ಕಡೆ ನೋಡಲೇ ಇಲ್ಲ, ಕಾಕಾ ಮೂರು ಸಲ ಹೇಳಿದ ಮೇಲೆ ನೋಡಿದರು. ಮೂರು ದಿನ ಬಿಟ್ಟು ಪ್ರತಿಗಳನ್ನು ತರಲು ಹೋದಾಗ ಹಣ ಕೊಟ್ಟು, “ತಮ್ಮಾ, ಆ ಕರೀ ಫಿಲಮ್ಮೂ ಕೊಡು” ಎಂದರು.

“ಅಮ್ಮಾರ, ಅದನ್ನ ನಾ ಜ್ವಾಪಾನ ಇಟ್ಟಿರ್ತೀನ್ರಿ. ಮುಂದ ಬೇಕಾದ್ರ ಇನ್ನೊಂದು ಪ್ರತಿ ತಗೀಲಿಕ್ಕೆ ಬರ್ತೈತಿ.”

“ನಿನ್ನ ಮ್ಯಾಲೆ ಭರೋಸಾ ಐತಪಾ. ನಿನ್ನ ಗ್ವಾಡಿ ಮ್ಯಾಲೆ ಇಲ್ಲ.”

ಸ್ಟುಡಿಯೊದ ಗೋಡೆಯ ಮೇಲೆ ಊರಿನ ಚಂದದ ಮುಖಗಳನ್ನೆಲ್ಲ ಚೌಕಟ್ಟು ಹಾಕಿ ತೂಗುಹಾಕಿದ್ದರು. ನಾನಿ ಹೇಳಿದ್ದು ಅದನ್ನೇ. ಕಾಕಾ ಮರುಮಾತಾಡದೆ ನೆಗೆಟಿವನ್ನು ಬೆಣ್ಣೆಕಾಗದದಲ್ಲಿ ಸುತ್ತಿ ಕೊಟ್ಟರು. ಕೊಡುವಾಗ, “ಡಾಂಬರ ಗುಳಿಗಿ ಜೋಡಿ ಇಡಬ್ಯಾಡ್ರಿ. ಮ್ಯಾಲಿನ ಅಟ್ಟದಾಗ ಇಡಬ್ಯಾಡ್ರಿ. ಒಲಿ ಕಡೆ ಇಡಬ್ಯಾಡ್ರಿ” ಎಂದು ಮೂರು ಬೇಡಗಳನ್ನೂ ಕೊಟ್ಟರು.

ಇದು ನಾನಿಯೊಬ್ಬರ ಕಥೆಯಲ್ಲ. ಪರದೆಯ ಮನೆಗಳ ಹೆಂಗಸರು ಫೋಟೊ ತೆಗೆಸಿದರೆ ನೆಗೆಟಿವ್ ಸಮೇತ ಮನೆಗೆ ತರುವುದು ನಮ್ಮ ಕಡೆ ರೂಢಿಯೇ ಆಗಿತ್ತು. ನೆಗೆಟಿವ್ ಪರರ ಹತ್ತಿರ ಉಳಿದರೆ ಮುಖವೇ ಪರರ ಹತ್ತಿರ ಉಳಿದಂತೆ. ಹೀಗಾಗಿ ಊರಿನ ಬೇರೆಲ್ಲರ ನೆಗೆಟಿವ್‌ಗಳು ಸ್ಟುಡಿಯೊಗಳ ಕಪಾಟಿನಲ್ಲಿ ಉಳಿದಾಗ ನಮ್ಮ ಅಮ್ಮಂದಿರ, ಖಾಲಾಗಳ ನೆಗೆಟಿವ್‌ಗಳು ನಿಕಾಹ್‌ನಾಮೆ, ಜಮೀನಿನ ಉತಾರ, ಮಕ್ಕಳ ಶಾಲೆಯ ದಾಖಲೆಗಳ ಜೊತೆ ಟ್ರಂಕು ಸೇರಿದವು. ನಮ್ಮ ಹೆಂಗಸರು ತಮಗೆ ಗೊತ್ತಿಲ್ಲದೆಯೇ ತಮ್ಮ ತಮ್ಮ ಆರ್ಕೈವ್‌ಗಳನ್ನು ಕಟ್ಟಿಕೊಂಡರು.

ಅದರ ಬೆಲೆ ತಿಳಿದದ್ದು ಬಹಳ ತಡವಾಗಿ. ಡಿಜಿಟಲ್ ಬಂದ ಮೇಲೆ ನಮ್ಮ ಮೂರೂ ಊರುಗಳ ಹಳೆಯ ಸ್ಟುಡಿಯೊಗಳು ಒಂದೊಂದಾಗಿ ಬಾಗಿಲು ಹಾಕಿದವು, ಇಲ್ಲವೇ ಝೆರಾಕ್ಸ್ ಅಂಗಡಿಗಳಾದವು. ಆಸ್ಪತ್ರೆಗಳ ಹಳೆಯ ಎಕ್ಸ್‌ರೇ ಕೊಳ್ಳುವ ಬೆಳ್ಳಿಯವರು ಬಂದು ನೆಗೆಟಿವ್‌ಗಳನ್ನೂ ಕಿಲೋ ಲೆಕ್ಕದಲ್ಲಿ ಕೇಳಿದರು. ಊರಿನ ಮೂವತ್ತು-ನಲವತ್ತು ವರ್ಷಗಳ ಮದುವೆ, ಜಾತ್ರೆ, ಶಾಲೆಯ ಗುಂಪುಚಿತ್ರಗಳು ಗೋಣಿಚೀಲದಲ್ಲಿ ಹೋದವು. ನಮ್ಮ ಕಾಕಾ ಮಾತ್ರ ಎರಡು ಪೆಟ್ಟಿಗೆಗಳನ್ನು ಕೊಡಲಿಲ್ಲ. ಒಂದರ ಮೇಲೆ ‘ಜಾತ್ರಿ’ ಎಂದಿತ್ತು, ಇನ್ನೊಂದರ ಮೇಲೆ ‘ಅಲಾಯಿ’ ಎಂದು. ಮೊಹರಂನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು, ಪಂಜಾ ಹೊತ್ತವರು, ರಿವಾಯತ ಪದ ಹಾಡುವವರು. ಅವರಲ್ಲಿ ಯಾರು ಮುಸಲ್ಮಾನರು, ಯಾರು ಲಿಂಗಾಯತರು, ಯಾರು ಕುರುಬರು, ಯಾರು ತಳವಾರರು ಎಂದು ನೆಗೆಟಿವ್‌ನಲ್ಲಿ ಹೇಳಲಾಗುವುದಿಲ್ಲ. ಎಲ್ಲರ ಮುಖವೂ ಕಪ್ಪು, ಎಲ್ಲರ ಕಣ್ಣೂ ಬಿಳುಪು. ಈ ಆಚರಣೆ ಧರ್ಮಕ್ಕೆ ಸರಿಯೇ ಎಂದು ನಮ್ಮವರೂ ಕೇಳುತ್ತಾರೆ, ಮುಸಲ್ಮಾನರ ಹಬ್ಬ ನಮಗೇಕೆ ಎಂದು ಈಗ ಅವರ ಹುಡುಗರೂ ಕೇಳುತ್ತಾರೆ. ಆ ಚರ್ಚೆ ನಡೆಯಲಿ. ಆದರೆ ಹೀಗೊಂದು ಬಾಳು ಇತ್ತೆಂಬುದಕ್ಕೆ ಸಾಕ್ಷಿ ಉಳಿದಿರಬೇಕಲ್ಲ? 1980ರ ಜುಲೈ 21ರಂದು ನರಗುಂದದ ರೈತರು ನೀರಿನ ಕರದ ವಿರುದ್ಧ ಎದ್ದು ನಿಂತು ಗೋಲಿಬಾರು ಕಂಡರು. ನಾಡಿನ ರೈತ ಚಳವಳಿಯೇ ಅಲ್ಲಿಂದ ತಿರುಗಿಕೊಂಡಿತು. ಆ ದಿನಗಳಲ್ಲಿ ಊರಿನ ಕ್ಯಾಮೆರಾಗಳು ಕಂಡದ್ದು ಯಾವ ಕಪಾಟಿನಲ್ಲಿದೆ, ಯಾವ ಗೋಣಿಚೀಲದಲ್ಲಿ ಹೋಯಿತು?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಒಂದು ಕಡೆ, ಬೆಣ್ಣೆಹಳ್ಳ ಇನ್ನೊಂದು ಕಡೆ. ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರಿನ ಸುತ್ತಲಿನ ಊರುಗಳಿಗೆ ನೀರು ಹೊಕ್ಕಿತು. ಬರದ ಸೀಮೆಯ ಜನ ಮುಳುಗಿದರು. ಹೊಳೆದಂಡೆಯ ಊರಿನಲ್ಲಿದ್ದ ನಮ್ಮ ಖಾಲಾ ಮನೆಯಲ್ಲಿ ಎದೆಮಟ್ಟ ನೀರು ನಿಂತಿತ್ತು. ನೀರಿಳಿದ ಮೇಲೆ ಹೋಗಿ ಟ್ರಂಕು ತೆಗೆದರೆ ಒಳಗೆ ಕೆಸರು. ಆಲ್ಬಮಿನ ಫೋಟೊಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಖಾಲಾ ಹುಡುಕುತ್ತಿದ್ದುದು ಬಿಸ್ಕತ್ತಿನ ಡಬ್ಬಿಯನ್ನು. ಅದರಲ್ಲಿ ನೆಗೆಟಿವ್‌ಗಳಿದ್ದವು, ಕೆಂಪು ನೀರಿನಲ್ಲಿ ನೆನೆದು. ನಾನಿಯದೂ ಅದರಲ್ಲೇ. ಹಜ್ಜಿನಿಂದ ಮರಳಿದ ಮೇಲೆ ಉಳಿದಿದ್ದ ಒಂದೇ ಪ್ರತಿ ಮುಖ ಅಳಿಸಿ ಆಲ್ಬಮಿನ ಇಟ್ಟಿಗೆಯಲ್ಲಿತ್ತು.

ಮನೆಯ ಹುಡುಗರು ಬಿಸಿಲಿಗೆ ಹರವಲು ಹೊರಟಿದ್ದರು. ಅಷ್ಟರಲ್ಲಿ ಗಜೇಂದ್ರಗಡಕ್ಕೆ ಫೋನು ಮಾಡಿ ಕಾಕಾ ಅವರನ್ನು ಕೇಳಿದೆವು. ಎಂಬತ್ತರ ಹತ್ತಿರದ ಆ ಮುದುಕರು ಫೋನಿನಲ್ಲೇ ಕೂಗಿದರು: “ಒಣಗಸಬ್ಯಾಡ್ರಿ! ಒಣಗಿದ್ರ ಒಂದಕ್ಕೊಂದು ಹತ್ಕೊಂಡು ಸತ್ತು ಹೋಗ್ತಾವು. ಚೊಲೋ ನೀರಾಗ ಮುಳಗಿಸಿ, ಇವತ್ತ ತಗೊಂಡ್ ಬರ್ರಿ.” ಮುಚ್ಚಳದ ಬಕೆಟ್ಟಿಗೆ ಕುಡಿಯುವ ನೀರು ತುಂಬಿ, ನೆಗೆಟಿವ್‌ಗಳನ್ನು ಅದರಲ್ಲಿ ಮುಳುಗಿಸಿ, ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಹೋದೆವು. ಕಂಡಕ್ಟರು ಮೀನೇ ಎಂದು ಕೇಳಿದ. ಖಾಲಾ, “ನಮ್ಮವ್ವ” ಎಂದರು.

ಕಾಕಾ ಒಂದೊಂದೇ ಪಟ್ಟಿಯನ್ನು ಎತ್ತಿ, ತಣ್ಣೀರನ್ನು ನಾಲ್ಕಾರು ಸಲ ಬದಲಿಸಿ, ಚಿತ್ರದ ಮೈಯನ್ನು ಬೆರಳಿನಿಂದ ಮುಟ್ಟದೆ ಕೆಸರು ಬಿಡಿಸಿದರು. ಕೊನೆಯ ನೀರಿಗೆ ಒಂದು ಹನಿ ಶಾಂಪೂ, ನೀರು ಕಲೆಗಟ್ಟದೆ ಜಾರಲೆಂದು. ಮುಚ್ಚಿದ ಕೋಣೆಯ ನೆರಳಿನಲ್ಲಿ ದಾರಕ್ಕೆ ಚಿಮಟಿ ಹಾಕಿ ತೂಗಿಬಿಟ್ಟರು. ಕಲರ್ ಪಟ್ಟಿಗಳಲ್ಲಿ ಅರ್ಧ ಉಳಿಯಲಿಲ್ಲ. ಕಪ್ಪು-ಬಿಳುಪಿನವು ಹೆಚ್ಚಿನಂಶ ಉಳಿದವು. ನಾನಿಯದು ಮರುದಿನ ಒಣಗಿತು. ಒಂದು ಮೂಲೆಯಲ್ಲಿ ಜಿಲೆಟಿನ್ ಎದ್ದಿತ್ತು, ಮುಖಕ್ಕೆ ಏನೂ ಆಗಿರಲಿಲ್ಲ. ಬಿಳಿ ಚಾದರ ಕಪ್ಪಗೆ, ಕಣ್ಣಪಾಪೆ ಬೆಳ್ಳಗೆ. ಕಾಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಗ್ವಾಡಿ ಮ್ಯಾಲೆ ಹಾಕಿದ್ರ ಅವತ್ತ ಬಣ್ಣ ಹೋಗಿರ್ತಿತ್ತು. ಅಮ್ಮಾರು ಒಯ್ದದ್ದ ಚೊಲೋ ಆತು” ಎಂದರು. ಅವರು ಮಾರದೆ ಉಳಿಸಿದ ಎರಡು ಪೆಟ್ಟಿಗೆ ಬಿಟ್ಟರೆ ಅವರ ಸ್ಟುಡಿಯೊದ ನೆಗೆಟಿವ್‌ಗಳೆಲ್ಲ ಅಷ್ಟರಲ್ಲಿ ಬೆಳ್ಳಿಯಾಗಿ ಹೋಗಿದ್ದವು.

ಅದೇ ವರ್ಷದ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ನೆರೆಯಲ್ಲಿ ಕಾಗದ ಕಳೆದುಕೊಂಡ ನಮ್ಮ ಜನ ತಾವು ಯಾರ ಮಕ್ಕಳು, ಯಾರ ಮೊಮ್ಮಕ್ಕಳು ಎಂಬುದಕ್ಕೆ ಪುರಾವೆ ಹುಡುಕುತ್ತ ಪಂಚಾಯತಿ, ತಹಶೀಲ್ದಾರರ ಕಚೇರಿ, ಶಾಲೆಗಳಿಗೆ ಅಲೆದರು. ಖಾಲಾ ಹೊಸದಾಗಿ ತೆಗೆಸಿದ ನಾನಿಯ ಫೋಟೊವನ್ನು ಆ ಕಾಗದಗಳ ಕಡತದಲ್ಲಿ ಮೊದಲ ಪುಟವಾಗಿ ಇಟ್ಟರು. ಅದು ಯಾವ ಕಚೇರಿಯಲ್ಲೂ ನಡೆಯುವ ದಾಖಲೆಯಲ್ಲವೆಂದು ಹೇಳಿದೆವು. “ಅವರಿಗಲ್ಲ ಬಾಬಾ, ನಮಗೆ” ಎಂದರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯ ಟ್ರಂಕನ್ನೊಮ್ಮೆ ತೆರೆದು ನೋಡಿ. ನೆಗೆಟಿವ್‌ಗಳಿದ್ದರೆ ಅಟ್ಟದಿಂದ, ತಗಡಿನ ಕೆಳಗಿನಿಂದ ಇಳಿಸಿ ಮನೆಯ ತಂಪಾದ ಒಳಕೋಣೆಗೆ ತನ್ನಿ, ನೆಲಕ್ಕೆ ತಾಗದಂತೆ ಇಡಿ. ಪ್ಲಾಸ್ಟಿಕ್ ಚೀಲ ಬಿಚ್ಚಿ ಒಳ್ಳೆಯ ಕಾಗದದ ಲಕೋಟೆಗಳಿಗೆ ಹಾಕಿ. ಸಿರ್ಕಾದ ವಾಸನೆ ಬಂದವುಗಳನ್ನು ಬೇರೆ ಮಾಡಿ ಗಾಳಿಯಾಡಲು ಬಿಡಿ, ಬಿಗಿ ಡಬ್ಬಿಯಲ್ಲಿ ಮುಚ್ಚಬೇಡಿ. ಮೊದಲು ಸ್ಕ್ಯಾನ್ ಮಾಡಿಸಬೇಕಾದದ್ದು ಅವನ್ನೇ. ಬೂಷ್ಟು ಕಂಡರೆ ನೀರು ಹಚ್ಚಬೇಡಿ, ಒಣಗಿದ ಮೆತ್ತನೆಯ ಕುಂಚದಿಂದ ಉದುರಿಸಿ. ಸ್ಕ್ಯಾನ್ ಆದ ಮೇಲೆ ನೆಗೆಟಿವನ್ನು ಎಸೆಯಬೇಡಿ. ಕಂಪ್ಯೂಟರು ಕೆಟ್ಟರೆ, ಮೊಬೈಲು ಕಳೆದರೆ ಚಿತ್ರ ಹೋಗುತ್ತದೆ. ಬೆಳಕಿಗೆ ಹಿಡಿದರೆ ಸಾಕು, ಯಾವ ಯಂತ್ರವೂ ಇಲ್ಲದೆ ಮುಖ ತೋರಿಸುವುದು ನೆಗೆಟಿವ್ ಒಂದೇ. ಲಕೋಟೆಯ ಮೇಲೆ ಯಾರು, ಯಾವ ಊರು, ಯಾವ ವರ್ಷ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಆ ಹೆಸರುಗಳನ್ನು ಹೇಳಬಲ್ಲವರು ಮನೆಯಲ್ಲಿ ಇನ್ನು ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಹೆಸರಿಲ್ಲದ ಮುಖವನ್ನು ಯಾವ ತಂಪಿನ ಕೋಣೆಯೂ ಕಾಯಲಾರದು.